ಬಂಗು, ಬಿಸಿಲಿನ ಕಲೆ: ಕ್ರೀಮಿಗಿಂತ ಮೊದಲು ಬೆಳಕನ್ನು ತಡೆಯಬೇಕು

ಕೆನ್ನೆಯ ಮೇಲೆ ಕಂದು ಕಲೆ ಕಾಣಿಸಿಕೊಂಡ ಕೂಡಲೇ ನಮ್ಮಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ. ಮೆಡಿಕಲ್ ಶಾಪ್‌ಗೆ ಹೋಗಿ 'ಬಂಗಿಗೆ ಏನಾದ್ರೂ ಕ್ರೀಮ್ ಕೊಡಿ' ಅಂತ ಕೇಳುವುದು. ಅವರು ಒಂದು ಟ್ಯೂಬ್ ಕೊಡುತ್ತಾರೆ. ಎರಡು ವಾರದಲ್ಲಿ ಮುಖ ತಿಳಿಯಾಗುತ್ತದೆ, ಪಕ್ಕದ ಮನೆಯವರು 'ಏನು ಹಚ್ತಿದ್ದೀಯ?' ಅಂತ ವಿಚಾರಿಸುತ್ತಾರೆ, ಅದೇ ಟ್ಯೂಬಿನ ಹೆಸರು ಇನ್ನೂ ನಾಲ್ಕು ಮನೆಗೆ ಹೋಗುತ್ತದೆ. ಆಮೇಲೆ ಒಂದು ದಿನ ಹಚ್ಚುವುದನ್ನು ಬಿಟ್ಟರೆ ಮುಖ ಉರಿಯುತ್ತದೆ, ಕೆಂಪಗಾಗುತ್ತದೆ, ಕಲೆ ಮೊದಲಿಗಿಂತ ದಟ್ಟವಾಗಿ ಮರಳಿ ಬರುತ್ತದೆ. ಮತ್ತೆ ಅದೇ ಟ್ಯೂಬ್.

ಇದರಿಂದ ಹೊರಬರುವುದಕ್ಕೆ ದುಬಾರಿ ಲೇಸರ್ ಬೇಕಾಗಿಲ್ಲ. ಕಲೆ ಯಾಕೆ ಬರುತ್ತದೆ ಅನ್ನುವುದು ತಿಳಿದರೆ ಎಷ್ಟೋ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಬೆಳಕನ್ನು ತಡೆಯುವುದೇ ಮೊದಲ ಚಿಕಿತ್ಸೆ. ಕ್ರೀಮು ಅದರ ಹಿಂದೆ ಬರುವಂಥದ್ದು. ಚರ್ಮವನ್ನು ಉರಿಸುವ, ಉಜ್ಜುವ, ಸುಲಿಯುವ ಯಾವ ಉಪಾಯವೇ ಆಗಲಿ, ಕಲೆಯನ್ನು ಇನ್ನಷ್ಟು ಕಪ್ಪಾಗಿಸುವ ಸಾಧ್ಯತೆಯೇ ಜಾಸ್ತಿ.

ಮೊದಲು ಇದು ಯಾವ ಕಲೆ ಅಂತ ನೋಡಿ

ಮುಖದ ಮೇಲಿನ ಕಪ್ಪನ್ನೆಲ್ಲ ನಾವು ಬಂಗು ಅಂದುಬಿಡುತ್ತೇವೆ. ಆದರೆ ಚರ್ಮದ ಡಾಕ್ಟರು ನೋಡುವಾಗ ಅದರಲ್ಲೇ ಹತ್ತು ಬಗೆ ಇರುತ್ತವೆ, ಒಂದೊಂದಕ್ಕೂ ಚಿಕಿತ್ಸೆ ಬೇರೆ.

ನಿಜವಾದ ಬಂಗು, ಅಂದರೆ ಡಾಕ್ಟರುಗಳು ಮೆಲಾಸ್ಮಾ ಅನ್ನುವುದು, ಸಾಮಾನ್ಯವಾಗಿ ಎರಡೂ ಕೆನ್ನೆಯ ಮೇಲೆ ಒಂದೇ ಥರ ಹರಡಿರುತ್ತದೆ. ಕೆಲವರಿಗೆ ಹಣೆ, ಮೂಗು, ಮೇಲ್ದುಟಿಯ ಮೇಲೂ ಇರುತ್ತದೆ. ಅಂಚು ಸ್ಪಷ್ಟವಾಗಿರುವುದಿಲ್ಲ, ನಕ್ಷೆಯ ಹಾಗೆ ಅಂಕುಡೊಂಕಾಗಿರುತ್ತದೆ. ಇಪ್ಪತ್ತರಿಂದ ಐವತ್ತರ ಒಳಗಿನ ಹೆಂಗಸರಲ್ಲಿ ಇದು ಹೆಚ್ಚು. ಬಸುರಿಯಲ್ಲಿ ಶುರುವಾಗಬಹುದು, ಗರ್ಭನಿರೋಧಕ ಮಾತ್ರೆಯಿಂದ ಜಾಸ್ತಿಯಾಗಬಹುದು, ತಾಯಿಗೋ ಅಕ್ಕನಿಗೋ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಗಂಡಸರಿಗೂ ಬರುತ್ತದೆ, ಅದರಲ್ಲೂ ದಿನವಿಡೀ ಹೊರಗೆ ಕೆಲಸ ಮಾಡುವವರಿಗೆ. ಅವರು ಅದನ್ನು ಯಾರಿಗೂ ತೋರಿಸುವುದಿಲ್ಲ ಅಷ್ಟೇ.

ಬಿಸಿಲಿನ ಕಲೆ ಬೇರೆ. ಇದು ಚಿಕ್ಕದು, ಚಪ್ಪಟೆ, ಅಂಚು ಗೆರೆ ಎಳೆದ ಹಾಗಿರುತ್ತದೆ. ಕೆನ್ನೆಯ ಮೇಲುಭಾಗ, ಹಣೆಯ ಪಕ್ಕ, ಅಂಗೈಯ ಹಿಂಬದಿ, ಮುಂಗೈ, ಹೀಗೆ ವರ್ಷಗಟ್ಟಲೆ ಬಿಸಿಲು ಬಿದ್ದ ಜಾಗದಲ್ಲಿ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ನಲವತ್ತು ಐವತ್ತು ದಾಟಿದ ಮೇಲೆ ಕಾಣಿಸುತ್ತದೆ, ಬೆಳ್ಳಗಿನ ಚರ್ಮದವರಲ್ಲಿ ಇನ್ನೂ ಬೇಗ. ಚುಕ್ಕಿ ಚುಕ್ಕಿಯಾಗಿ ಚಿಕ್ಕಂದಿನಲ್ಲೇ ಬರುವ ಫ್ರೆಕಲ್ಸ್ ಬಿಸಿಲು ಕಮ್ಮಿಯಾದ ಕಾಲದಲ್ಲಿ ತಿಳಿಯಾಗುತ್ತವೆ. ಬಿಸಿಲಿನ ಕಲೆ ಹಾಗಲ್ಲ, ಒಮ್ಮೆ ಬಂದರೆ ತಾನಾಗಿ ಹೋಗುವುದಿಲ್ಲ.

ಇನ್ನು ಬಿಸಿಲಿಗೆ ಸಂಬಂಧವೇ ಇಲ್ಲದ ಅಥವಾ ಬಿಸಿಲೊಂದೇ ಕಾರಣವಲ್ಲದ ಕಲೆಗಳು. ಹಣೆಯ ನಡುವೆ ಕುಂಕುಮ ಇಡುವ ಜಾಗದಲ್ಲಿ ಮಾತ್ರ ಕಪ್ಪಾಗಿದ್ದರೆ ಅದು ಕುಂಕುಮದ ಬಣ್ಣಕ್ಕೆ ಬಂದ ಅಲರ್ಜಿ ಇರಬಹುದು. ಸ್ಟಿಕರ್ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಕೆಲವರಿಗೆ ಅದೇ ಜಾಗ ಬಿಳಿಯೂ ಆಗುತ್ತದೆ. ಕತ್ತು, ಕಂಕುಳಲ್ಲಿ ಮಖಮಲ್ಲಿನಂಥ ದಪ್ಪ ಕಪ್ಪು ಇದ್ದರೆ ಮುಖಕ್ಕೆ ಕ್ರೀಮು ಹುಡುಕುವ ಮೊದಲು ಶುಗರ್ ಪರೀಕ್ಷೆ ಮಾಡಿಸಿ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಇರುತ್ತದೆ. ಬೆನ್ನು, ತೋಳಿನ ಮೇಲೆ ಅಲೆ ಅಲೆಯಾಗಿ ಕಪ್ಪಾಗಿ ತುರಿಸುತ್ತಿದ್ದರೆ ಬಹಳ ಸಲ ಕಾರಣ ಪ್ಲಾಸ್ಟಿಕ್ ಸ್ಕ್ರಬ್ಬರ್, ಒರಟು ಬಟ್ಟೆಯಿಂದ ವರ್ಷಗಟ್ಟಲೆ ಉಜ್ಜಿದ್ದು. ಬೂದಿ ಬಣ್ಣ ಬೆರೆತ ಕಪ್ಪು ಕಿವಿ, ಕತ್ತು, ಹಣೆಯ ಪಕ್ಕದಿಂದ ಹರಡುತ್ತಾ ಬಂದರೆ ಕೂದಲಿಗೆ ಹಚ್ಚುವ ಡೈ ಮೇಲೆ ಅನುಮಾನ ಪಡಬೇಕು. ಇಂಥವಕ್ಕೆಲ್ಲ ಬಂಗಿನ ಕ್ರೀಮು ಹಚ್ಚಿದರೆ ದುಡ್ಡೂ ಹೋಯಿತು, ಸಮಯವೂ ಹೋಯಿತು.

ಒಂದು ವಿಷಯವನ್ನು ಮಾತ್ರ ತಡ ಮಾಡಬೇಡಿ. ಒಂದೇ ಒಂದು ಮಚ್ಚೆ ದಿನೇ ದಿನೇ ದೊಡ್ಡದಾಗುತ್ತಿದ್ದರೆ, ಅದರ ಎರಡು ಬದಿ ಒಂದಕ್ಕೊಂದು ಹೊಂದದಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಾಣುತ್ತಿದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ರಕ್ತ ಬಂದರೆ, ಹುಣ್ಣಾಗಿ ಮಾಯದಿದ್ದರೆ ನೇರ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ನಮ್ಮ ಚರ್ಮದಲ್ಲಿ ಮೆಲನೋಮಾ ಅನ್ನುವ ಕ್ಯಾನ್ಸರ್ ಅಪರೂಪ. ಆದರೆ ಬಂದಾಗ ಬಹಳ ಸಲ ಅದು ಬಿಸಿಲೇ ಬೀಳದ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಬರುತ್ತದೆ. ಅದಕ್ಕೇ ಜನ ಗಮನಿಸುವುದು ತಡ.

ಬಣ್ಣ ಹುಟ್ಟುವುದು ಹೇಗೆ

ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಅನ್ನುವ ಕೋಶಗಳಿವೆ. ಇವೇ ಮೆಲನಿನ್ ಅನ್ನುವ ಬಣ್ಣ ತಯಾರಿಸುವುದು. ಆಶ್ಚರ್ಯದ ಸಂಗತಿ ಅಂದರೆ, ನಾರ್ವೆಯವರಲ್ಲೂ ನಮ್ಮಲ್ಲೂ ಆಫ್ರಿಕಾದವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚು ಕಮ್ಮಿ ಒಂದೇ. ವ್ಯತ್ಯಾಸ ಇರುವುದು ಅವು ಎಷ್ಟು ಬಣ್ಣ ಮಾಡುತ್ತವೆ, ಆ ಬಣ್ಣದ ಕಣ ಎಷ್ಟು ದೊಡ್ಡದು, ಹೇಗೆ ಹರಡುತ್ತದೆ ಅನ್ನುವುದರಲ್ಲಿ. ಒಂದು ಮೆಲನೋಸೈಟ್ ತನ್ನ ಉದ್ದನೆಯ ಕೈಗಳನ್ನು ಚಾಚಿ ಸುತ್ತಲಿನ ಸುಮಾರು 36 ಕೋಶಗಳಿಗೆ ಬಣ್ಣ ಹಂಚುತ್ತದೆ. ಆ ಬಣ್ಣ ಕೋಶದೊಳಗೆ ಹೋಗಿ ಅದರ ಕೇಂದ್ರದ ಮೇಲೆ ಕೊಡೆ ಹಿಡಿದ ಹಾಗೆ ಕೂರುತ್ತದೆ. ಬಿಸಿಲಿನಿಂದ ಡಿಎನ್‌ಎ ಹಾಳಾಗದ ಹಾಗೆ ಕಾಯುವುದು ಅದರ ಕೆಲಸ.

ಅಂದರೆ ಮೆಲನಿನ್ ನಮ್ಮ ಶತ್ರು ಅಲ್ಲ. ಅದು ನಮ್ಮನ್ನು ಕಾಯುತ್ತಿದೆ. ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಆಸ್ಟ್ರೇಲಿಯಾದಷ್ಟು ಇಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ.

ತೊಂದರೆ ಇರುವುದು ಇಲ್ಲಿ. ಕಂದು ಚರ್ಮದ ಮೆಲನೋಸೈಟ್ ಬಹಳ ಬೇಗ ಕೆರಳುತ್ತದೆ. ಬಿಸಿಲು ಬಿದ್ದರೂ ಬಣ್ಣ, ಮೊಡವೆ ಚಿವುಟಿದರೂ ಬಣ್ಣ, ಸೊಳ್ಳೆ ಕಚ್ಚಿದ್ದನ್ನು ಕೆರೆದರೂ ಬಣ್ಣ, ಬ್ಲೀಚ್ ಮಾಡಿ ಉರಿಸಿದರೂ ಬಣ್ಣ. ಯಾವುದೇ ಪೆಟ್ಟಿಗೂ ಅದರ ಉತ್ತರ ಒಂದೇ, ಇನ್ನಷ್ಟು ಮೆಲನಿನ್. ಈ ಒಂದು ಮಾತು ನೆನಪಿದ್ದರೆ ಯಾವ ಚಿಕಿತ್ಸೆ ಒಳ್ಳೆಯದು, ಯಾವುದು ಅಪಾಯ ಅನ್ನುವುದನ್ನು ನೀವೇ ಅಂದಾಜು ಮಾಡಬಹುದು.

ಬಂಗಿನಲ್ಲಿ ವಿಷಯ ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ. ಅಲ್ಲಿ ಬಣ್ಣದ ಕೋಶ ಮಾತ್ರ ಅಲ್ಲ, ಆ ಜಾಗದ ಚರ್ಮವೇ ಬದಲಾಗಿರುತ್ತದೆ. ರಕ್ತನಾಳಗಳು ಹೆಚ್ಚಾಗಿರುತ್ತವೆ, ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಬೇರೆ ಮಾಡುವ ತೆಳು ಪೊರೆ ಹಾಳಾಗಿ ಬಣ್ಣ ಕೆಳಕ್ಕೆ ಜಾರಿರುತ್ತದೆ. ಮೇಲಿನ ಪದರದಲ್ಲಿರುವ ಬಣ್ಣ ಚರ್ಮ ಹೊಸದಾಗುತ್ತಾ ಹೋದಂತೆ ಉದುರುತ್ತದೆ. ಕೆಳಗೆ ಇಳಿದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಒಬ್ಬರಿಗೆ ಮೂರು ತಿಂಗಳಲ್ಲಿ ತಿಳಿಯಾದ ಬಂಗು ಇನ್ನೊಬ್ಬರಿಗೆ ವರ್ಷವಾದರೂ ಹಾಗೇ ಇರುವುದಕ್ಕೆ ಇದೂ ಒಂದು ಕಾರಣ.

ಯಾವ ಬೆಳಕು, ಎಲ್ಲಿಂದ

ಸೂರ್ಯನಿಂದ ಬರುವುದರಲ್ಲಿ ನಮಗೆ ಇಲ್ಲಿ ಮುಖ್ಯವಾದವು ಮೂರು. ಮೊದಲಿನ ಎರಡು ಯುವಿ, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಯುವಿಬಿ ಚರ್ಮವನ್ನು ಸುಡುತ್ತದೆ, ಮಧ್ಯಾಹ್ನ ಜಾಸ್ತಿ ಇರುತ್ತದೆ, ಗಾಜು ಇದನ್ನು ತಡೆಯುತ್ತದೆ. ಯುವಿಎ ಅಷ್ಟಾಗಿ ಸುಡುವುದಿಲ್ಲ, ಗೊತ್ತೇ ಆಗದಂತೆ ಆಳಕ್ಕೆ ಇಳಿದು ಕಪ್ಪು ಮಾಡುತ್ತದೆ, ಸುಕ್ಕು ತರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೂ ಇರುತ್ತದೆ, ಕಿಟಕಿ ಗಾಜಿನಿಂದಲೂ ಒಳಗೆ ಬರುತ್ತದೆ. ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 2012ರಲ್ಲಿ ಒಬ್ಬ ಲಾರಿ ಚಾಲಕರ ಫೋಟೋ ಪ್ರಕಟವಾಗಿತ್ತು. ವಯಸ್ಸು 69, ಗಾಡಿ ಓಡಿಸಿದ್ದು 28 ವರ್ಷ. ಅವರ ಮುಖದ ಎಡಭಾಗ, ಅಂದರೆ ಕಿಟಕಿಯ ಕಡೆಯ ಭಾಗ, ಬಲಭಾಗಕ್ಕಿಂತ ಎಷ್ಟೋ ವರ್ಷ ಹೆಚ್ಚು ಮುದಿಯಾದ ಹಾಗಿತ್ತು. ನಮ್ಮಲ್ಲಿ ಚಾಲಕರ ಸೀಟು ಬಲಗಡೆ, ಹಾಗಾಗಿ ಬಲಗೆನ್ನೆ, ಬಲಗೈ. ಕ್ಯಾಬ್, ಬಸ್ ಓಡಿಸುವವರು ಕನ್ನಡಿಯಲ್ಲಿ ಒಮ್ಮೆ ಎರಡೂ ಬದಿ ಹೋಲಿಸಿ ನೋಡಿ.

ಮೂರನೆಯದು ನಮ್ಮ ಕಣ್ಣಿಗೆ ಕಾಣುವ ಬೆಳಕು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಗೊತ್ತಾಗಿರುವುದೇನೆಂದರೆ, ಅದರಲ್ಲಿರುವ ನೇರಳೆ ಮತ್ತು ನೀಲಿ ಭಾಗ ಕಂದು ಚರ್ಮವನ್ನು ಕಪ್ಪು ಮಾಡುತ್ತದೆ, ಆ ಕಪ್ಪು ವಾರಗಟ್ಟಲೆ ಉಳಿಯುತ್ತದೆ. ಬೆಳ್ಳಗಿನವರಲ್ಲಿ ಇದು ಅಷ್ಟಾಗಿ ಆಗುವುದಿಲ್ಲ. ಮೆಲನೋಸೈಟ್‌ನಲ್ಲಿ ಆಪ್ಸಿನ್-3 ಅನ್ನುವ, ಬೆಳಕನ್ನು ಗುರುತಿಸುವ ಪ್ರೋಟೀನ್ ಇದೆ, ಅದು ನೀಲಿ ಬೆಳಕಿಗೆ ಸ್ಪಂದಿಸಿ ಬಣ್ಣದ ಉತ್ಪಾದನೆ ಶುರು ಮಾಡಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಯುವಿಯನ್ನು ತಡೆಯುತ್ತದೆಯೇ ಹೊರತು ಈ ಬೆಳಕನ್ನಲ್ಲ. ಸನ್‌ಸ್ಕ್ರೀನ್ ಹಚ್ಚಿಯೂ ಬಂಗು ಕಮ್ಮಿಯಾಗಲಿಲ್ಲ ಅನ್ನುವ ಎಷ್ಟೋ ಜನರ ದೂರಿನ ಹಿಂದೆ ಇದೂ ಇದೆ. ಫೋನು, ಲ್ಯಾಪ್‌ಟಾಪಿನ ಬೆಳಕಿಗೆ ಹೆದರಬೇಡಿ, ಸೂರ್ಯನ ಬೆಳಕಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

'ನಮ್ಮೂರಲ್ಲಿ ಅಷ್ಟೇನು ಬಿಸಿಲಿಲ್ಲ' ಅನ್ನುವ ಮಾತನ್ನು ಬೆಂಗಳೂರು, ಮೈಸೂರು, ಕೊಡಗಿನವರು ಹೇಳುತ್ತಾರೆ. ಸೆಕೆ ಬೇರೆ, ಯುವಿ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಸಾವಿರ ಮೀಟರ್ ಏರಿದರೆ ಯುವಿ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಜೊತೆಗೆ ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24-25ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಆಗಸ್ಟ್ ಅಂದರೆ ತಂಪು, ಮೋಡ, ಜಿಟಿಜಿಟಿ ಮಳೆ, ಅಲ್ವಾ? ಆದರೆ ಮೋಡ ಸರಿದ ಕ್ಷಣಕ್ಕೆ ಬೀಳುವ ಬಿಸಿಲು ಏಪ್ರಿಲ್‌ನ ನಡು ಮಧ್ಯಾಹ್ನದ ಬಿಸಿಲೇ. ತೆಳುವಾದ ಮೋಡ ಇದ್ದರೂ ಯುವಿಯ ದೊಡ್ಡ ಪಾಲು ಕೆಳಗೆ ಬರುತ್ತದೆ.

ಯುವಿ ಇಂಡೆಕ್ಸ್ ಅಂತ ಫೋನಿನ ಹವಾಮಾನದ ಆ್ಯಪ್‌ನಲ್ಲಿ ಒಂದು ಅಂಕಿ ಇರುತ್ತದೆ. 3 ಮುಟ್ಟಿದರೆ ರಕ್ಷಣೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11 ಮುಟ್ಟಿದರೆ ವಿಪರೀತ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 11 ದಾಟುವುದು ಮಾಮೂಲಿ. ಆ್ಯಪ್ ಬೇಡವೆಂದರೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಅಂತ ಅರ್ಥ. ಹೊಲ, ತೋಟದಲ್ಲಿ ದುಡಿಯುವವರಿಗೂ ಕಟ್ಟಡದ ಕೆಲಸಕ್ಕೆ ಹೋಗುವವರಿಗೂ ಇದೇ ಸುಲಭದ ಅಳತೆ.

ಸನ್‌ಸ್ಕ್ರೀನ್ ಹಚ್ಚುವುದು ಅಂದರೆ ಎಷ್ಟು?

ಜನ ಎಸ್‌ಪಿಎಫ್, ಅಂದರೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅಂತ ಟ್ಯೂಬಿನ ಮೇಲೆ ಬರೆದಿರುವ ಅಂಕಿಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಪ್ರಮಾಣದ ಬಗ್ಗೆ ಯೋಚಿಸುವುದೇ ಇಲ್ಲ. ಎಸ್‌ಪಿಎಫ್ 30 ಯುವಿಬಿಯಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ, 50 ಸುಮಾರು 98ರಷ್ಟನ್ನು. ವ್ಯತ್ಯಾಸ ದೊಡ್ಡದಲ್ಲ. ಆದರೆ ಈ ಅಂಕಿಗಳನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ ಮತ್ತು ಕತ್ತಿಗೆ ಆ ಲೆಕ್ಕದಲ್ಲಿ ಕಡೇಪಕ್ಷ ಒಂದು ಗ್ರಾಂ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಹೆಚ್ಚು ಕಮ್ಮಿ ಅಷ್ಟಾಗುತ್ತದೆ. ನಾವು ಹಚ್ಚುವುದು ಕಡಲೆಕಾಳಿನಷ್ಟು. ಹಾಗೆ ಹಚ್ಚಿದರೆ 50 ಅಂತ ಬರೆದಿರುವುದು ನಿಮ್ಮ ಮುಖದ ಮೇಲೆ 10ರ ಕೆಲಸವನ್ನೂ ಮಾಡದಿರಬಹುದು.

ಒಂದು ಲೆಕ್ಕ ಹಾಕಿ. ದಿನಕ್ಕೆ ಎರಡು ಸಲ, ಒಂದೊಂದು ಗ್ರಾಂ. 50 ಗ್ರಾಮಿನ ಟ್ಯೂಬ್ ಒಂದು ತಿಂಗಳಿಗೆ ಮುಗಿಯಲೇಬೇಕು. ಆರು ತಿಂಗಳಾದರೂ ಮುಗಿದಿಲ್ಲ ಅಂದರೆ ನೀವು ಸನ್‌ಸ್ಕ್ರೀನ್ ಹಚ್ಚುತ್ತಿಲ್ಲ, ಸವರುತ್ತಿದ್ದೀರಿ. ಹಾಗಾಗಿ ದುಬಾರಿ ಬ್ರ್ಯಾಂಡ್ ತಂದು ಜಿಪುಣತನದಿಂದ ಹಚ್ಚುವುದಕ್ಕಿಂತ, ಕೈಗೆಟುಕುವ ಬೆಲೆಯದನ್ನು ತಂದು ಧಾರಾಳವಾಗಿ ಹಚ್ಚುವುದು ಎಷ್ಟೋ ವಾಸಿ.

ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿಯ ಬಗ್ಗೆ. ಯುವಿಎಗೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಜಪಾನಿನಿಂದ ಬಂದ ಪದ್ಧತಿ ಇದು. ಮೂರೋ ನಾಲ್ಕೋ ಪ್ಲಸ್ ಇರುವುದನ್ನು ಆರಿಸಿ. ಬಂಗು ಇರುವವರು ಇನ್ನೊಂದು ನೋಡಬೇಕು. ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದು ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡಿನ ಬಣ್ಣ. ಅದು ಇರುವ ಸನ್‌ಸ್ಕ್ರೀನಿಗೆ ಚರ್ಮದಂಥ ಕಂದು ಬಣ್ಣ ಇರುತ್ತದೆ, ಟಿಂಟೆಡ್ ಅಂತ ಮಾರುತ್ತಾರೆ. ಬಿಳಿಯ ಸನ್‌ಸ್ಕ್ರೀನಿನ ಹಾಗೆ ಮುಖ ಬೂದಿ ಬಳಿದಂತೆ ಕಾಣುವುದಿಲ್ಲ, ಕಲೆಯೂ ಸ್ವಲ್ಪ ಮುಚ್ಚುತ್ತದೆ. ಬಂಗು ಇರುವವರಿಗೆ ನಾನು ಒಂದೇ ಒಂದು ಸಾಮಾನು ಕೊಳ್ಳಿ ಅಂತ ಹೇಳಬೇಕಾದರೆ ಇದನ್ನೇ ಹೇಳುವುದು.

ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿ ಒರೆಸಿಕೊಂಡರೆ ಆಗಲೇ. ಬೆವರು ಹರಿಯುವ ಕೆಲಸದಲ್ಲಿ ಇದು ಕಷ್ಟ ಅಂತ ನನಗೂ ಗೊತ್ತು. ಅಲ್ಲಿ ಬಟ್ಟೆಯೇ ಹೆಚ್ಚು ನಂಬಿಕೆಯದು. ಮೂರಿಂಚು ಅಂಚಿನ ಟೋಪಿ, ಗಾಢ ಬಣ್ಣದ ದಟ್ಟ ನೇಯ್ಗೆಯ ತುಂಬುತೋಳಿನ ಅಂಗಿ, ಕಪ್ಪು ಕೊಡೆ. ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಕ್ಕಳು ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವುದು ಒಳ್ಳೆಯ ಅಭ್ಯಾಸವೇ, ಆದರೆ ತೆಳುವಾದ ತಿಳಿಬಣ್ಣದ ದುಪಟ್ಟಾ ಸಾಲದು. ಬೆಳಕಿಗೆ ಹಿಡಿದಾಗ ಆಚೆ ಕಡೆ ಕಾಣುವ ಬಟ್ಟೆಯಿಂದ ಯುವಿಯೂ ಒಳಗೆ ಬರುತ್ತದೆ. ಅದರ ಕೆಳಗೆ ಸನ್‌ಸ್ಕ್ರೀನ್ ಇರಲಿ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು ಒಂದು ಹೆಜ್ಜೆ ಹಿಂದೆ ನಿಲ್ಲಿ, ಶಾಖವೂ ಬಂಗನ್ನು ಕೆರಳಿಸಬಲ್ಲದು.

'ಹಾಗಾದ್ರೆ ವಿಟಮಿನ್ ಡಿ ಗತಿ ಏನು?' ಅಂತ ಕೇಳುತ್ತಾರೆ. ಮುಖ ದೇಹದ ಒಂದು ಚಿಕ್ಕ ಭಾಗ. ಮುಖ ಮುಚ್ಚಿ ಕೈ ಕಾಲಿಗೆ ಬಿಸಿಲು ಬೀಳಲಿ, ಕೊರತೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದ ಹಾಗೆ ಮಾತ್ರೆ ತೆಗೆದುಕೊಳ್ಳಿ. ಅದಕ್ಕಾಗಿ ಬಂಗಿರುವ ಕೆನ್ನೆಯನ್ನು ಬಿಸಿಲಿಗೆ ಒಡ್ಡಬೇಕಾಗಿಲ್ಲ.

ದಿನಾ ಹಚ್ಚುವುದರಿಂದ ನಿಜವಾಗಿ ಪ್ರಯೋಜನ ಇದೆಯಾ ಅನ್ನುವುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಅನ್ನುವ ಊರಿನಲ್ಲಿ 1992ರಿಂದ 1996ರವರೆಗೆ ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಾ ಹಚ್ಚಲು ಹೇಳಿದರು, ಇನ್ನೊಂದು ಗುಂಪಿಗೆ ಇಷ್ಟ ಬಂದಾಗ ಹಚ್ಚಲು. ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಮ್ಮಿಯಾಯಿತು, ಚರ್ಮ ಮುಪ್ಪಾಗುವುದೂ ನಿಧಾನವಾಯಿತು. ಅದು ಬೆಳ್ಳಗಿನ ಚರ್ಮದವರ ಊರು ನಿಜ. ಆದರೂ ಟೂರಿಗೆ, ಮದುವೆಗೆ ಮಾತ್ರ ಹಚ್ಚುವುದಕ್ಕೂ ದಿನಾ ಹಚ್ಚುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅನ್ನುವುದು ಅಲ್ಲಿ ಸ್ಪಷ್ಟವಾಯಿತು.

ಮೆಡಿಕಲ್ ಶಾಪಿನ ಆ ಟ್ಯೂಬ್

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಈ ವಿಷಯದಲ್ಲಿ.

1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಮೂರು ಔಷಧಿ ಸೇರಿಸಿದ ಒಂದು ಮಿಶ್ರಣ ಪ್ರಕಟಿಸಿದರು. ಬಣ್ಣದ ತಯಾರಿಕೆ ನಿಲ್ಲಿಸುವ ಹೈಡ್ರೊಕ್ವಿನೋನ್, ಚರ್ಮ ಬೇಗ ಹೊಸದಾಗುವ ಹಾಗೆ ಮಾಡುವ ಟ್ರೆಟಿನಾಯಿನ್, ಇವೆರಡರಿಂದ ಆಗುವ ಉರಿಯನ್ನು ತಗ್ಗಿಸುವ ಸ್ಟೆರಾಯ್ಡ್. ಇಂದಿಗೂ ಬಂಗಿಗೆ ಅದೇ ದಾರಿಯ ಮೂರು ಔಷಧಿಯ ಕ್ರೀಮು ಬಲವಾದ ಚಿಕಿತ್ಸೆ. ಆದರೆ ಅದು ಕೆಲವು ವಾರಗಳಿಗೆ ಮಾತ್ರ, ರಾತ್ರಿ ಮಾತ್ರ, ಡಾಕ್ಟರ ಕಣ್ಣಳತೆಯಲ್ಲಿ ಮಾತ್ರ. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಇಂಥ ಕ್ರೀಮಿನಲ್ಲಿ ಸೌಮ್ಯವಾದ ಸ್ಟೆರಾಯ್ಡ್ ಇದೆ, ಬಳಕೆ 8 ವಾರ. ನಮ್ಮಲ್ಲಿ ಸಿಗುವ ಎಷ್ಟೋ ಟ್ಯೂಬ್‌ಗಳಲ್ಲಿ ಅದಕ್ಕಿಂತ ಬಲವಾದ ಮೊಮೆಟಾಸೋನ್ ಇರುತ್ತದೆ, ಜನ ಅದನ್ನು ವರ್ಷಗಟ್ಟಲೆ ಬೆಳಗಿನ ಕ್ರೀಮಿನ ಹಾಗೆ ಹಚ್ಚುತ್ತಾರೆ.

ಸ್ಟೆರಾಯ್ಡ್ ಮುಖವನ್ನು ಬೇಗ ತಿಳಿಯಾಗಿಸುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ದಿನ ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿ. ಬಿಟ್ಟರೆ ಇನ್ನೂ ಉರಿ. ಚರ್ಮ ಅದಕ್ಕೆ ದಾಸನಾಗುತ್ತದೆ. ಭಾರತದ ಚರ್ಮವೈದ್ಯರು ಇದಕ್ಕೆ 'ಸ್ಟೆರಾಯ್ಡಿನಿಂದ ಹಾಳಾದ ಮುಖ' ಅಂತಲೇ ಹೆಸರಿಟ್ಟಿದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ದೇಶದ ಹಲವು ಊರುಗಳಲ್ಲಿ ಮುಖದ ಚರ್ಮದ ತೊಂದರೆ ಅಂತ ಬಂದ 2,926 ಜನರನ್ನು ವಿಚಾರಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು. ಚೀಟಿ ಇಲ್ಲದೆ ಕೊಡುವ ಅಂಗಡಿಗಳು ಇನ್ನೂ ಇವೆ ಅನ್ನುವುದು ನಮಗೆಲ್ಲ ಗೊತ್ತು.

ಮನೆಯಲ್ಲಿರುವ ಟ್ಯೂಬ್ ತೆಗೆದು ಹಿಂಬದಿಯ ಸಣ್ಣಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲುಯೊಸಿನೋಲೋನ್. ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್. ಸುಮ್ನೆ ಹಚ್ಚುವಂಥದ್ದಲ್ಲ. ಬಹಳ ದಿನದಿಂದ ಹಚ್ಚುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಿ ಒಬ್ಬರೇ ಒದ್ದಾಡಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ನಿಲ್ಲಿಸುವ ಕ್ರಮ ಅವರಿಗೆ ಗೊತ್ತಿರುತ್ತದೆ.

ಹೆಸರಿಲ್ಲದ, ಪದಾರ್ಥಗಳ ಪಟ್ಟಿಯೇ ಇಲ್ಲದ ಫೇರ್‌ನೆಸ್ ಕ್ರೀಮುಗಳು ಇದಕ್ಕಿಂತ ಕೆಟ್ಟವು. ಕೆಲವದರಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಕಿಡ್ನಿಯ ತೊಂದರೆ ಬಂದದ್ದು 2023ರಲ್ಲಿ ಸುದ್ದಿಯಾಯಿತು. ಮುಖದ ಬಣ್ಣಕ್ಕೆ ಕಿಡ್ನಿ ಕಳೆದುಕೊಳ್ಳುವುದು ಎಂಥ ಅನ್ಯಾಯ.

ಹಾಗಾದರೆ ಏನು ಹಚ್ಚಬಹುದು

ಸೌಮ್ಯವಾದವುಗಳಿಂದ ಶುರು ಮಾಡುವುದು ಒಳ್ಳೆಯದು. ಅಜೆಲಾಯಿಕ್ ಆಸಿಡ್ ನನ್ನ ಪ್ರಕಾರ ಸಿಗಬೇಕಾದ ಮರ್ಯಾದೆ ಸಿಗದ ಔಷಧಿ. ಶೇಕಡಾ 15ರಿಂದ 20ರ ಕ್ರೀಮು ನಿಧಾನವಾಗಿ ಕೆಲಸ ಮಾಡುತ್ತದೆ, ಮೊದಮೊದಲು ಸ್ವಲ್ಪ ಚುರುಗುಟ್ಟುತ್ತದೆ, ಆದರೆ ಕೆರಳಿದ ಮೆಲನೋಸೈಟ್ ಮೇಲೆ ಹೆಚ್ಚು ಪರಿಣಾಮ ಬೀರಿ ಮಾಮೂಲಿ ಚರ್ಮವನ್ನು ಬಿಳಿ ಮಾಡುವುದಿಲ್ಲ. ಬಸುರಿಯರಿಗೂ ಡಾಕ್ಟರುಗಳು ಇದನ್ನು ಕೊಡುತ್ತಾರೆ. ನಯಾಸಿನಮೈಡ್, ವಿಟಮಿನ್ ಸಿ, ಕೋಜಿಕ್ ಆಸಿಡ್ ಕೂಡ ಇವೆ. ಇವು ಸಹಾಯಕ್ಕೆ ನಿಲ್ಲುತ್ತವೆ, ಒಂದೊಂದೇ ಬಂಗನ್ನು ಓಡಿಸುವಷ್ಟು ಬಲವಿಲ್ಲ.

ಹೈಡ್ರೊಕ್ವಿನೋನ್ ಟೈರೋಸಿನೇಸ್ ಅನ್ನುವ ಕಿಣ್ವವನ್ನು ತಡೆಯುತ್ತದೆ. ಮೆಲನಿನ್ ತಯಾರಿಕೆಗೆ ಅದೇ ಬೇಕಾದದ್ದು. ಸರಿಯಾಗಿ ಬಳಸಿದರೆ ಒಳ್ಳೆಯ ಔಷಧಿ. ಬಿಡುವೇ ಇಲ್ಲದೆ ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಚರ್ಮ ನೀಲಿ ಮಿಶ್ರಿತ ಕಪ್ಪಾಗುತ್ತದೆ, ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ. ಬಸುರಿಯರು ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಎರಡರಿಂದಲೂ ದೂರ ಇರಬೇಕು. ಹೆರಿಗೆಯಾದ ಮೇಲೆ ಕೆಲವರಿಗೆ ಬಂಗು ತಾನಾಗಿಯೇ ತಿಳಿಯಾಗುತ್ತದೆ, ಆ ತಿಂಗಳುಗಳಲ್ಲಿ ಕೊಡೆ ಮತ್ತು ಸನ್‌ಸ್ಕ್ರೀನ್ ಸಾಕು.

ಟ್ರಾನೆಕ್ಸಾಮಿಕ್ ಆಸಿಡ್ ಕಥೆ ಚೆನ್ನಾಗಿದೆ. ಇದು ರಕ್ತಸ್ರಾವ ನಿಲ್ಲಿಸುವ ಮಾತ್ರೆ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ 1960ರ ದಶಕದಲ್ಲಿ ಕಂಡುಹಿಡಿದದ್ದು, ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರನ್ನು ಉಳಿಸಬೇಕು ಅನ್ನುವುದು ಆಕೆಯ ಆಸೆಯಾಗಿತ್ತು. 1979ರಲ್ಲಿ ಜಪಾನಿನಲ್ಲೇ ಬೇರೆ ಕಾಯಿಲೆಗೆ ಈ ಔಷಧಿ ಕೊಟ್ಟಾಗ ಬಂಗು ತಿಳಿಯಾದದ್ದು ಕಣ್ಣಿಗೆ ಬಿತ್ತು. ಈಗ ಹಟಮಾರಿ ಬಂಗಿಗೆ 250 ಮಿಲಿಗ್ರಾಂ ದಿನಕ್ಕೆರಡು ಸಲ, ಕೆಲವು ತಿಂಗಳು ಕೊಡುತ್ತಾರೆ. ಕೆಲಸ ಮಾಡುತ್ತದೆ. ಆದರೆ ಇದು ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಔಷಧಿ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರು ಇದನ್ನು ತೆಗೆದುಕೊಳ್ಳಬಾರದು. ವಾಟ್ಸ್ಆ್ಯಪ್‌ನಲ್ಲಿ ಹೆಸರು ನೋಡಿ ತರಿಸಿಕೊಳ್ಳುವ ಮಾತ್ರೆ ಇದಲ್ಲ.

ಇನ್ನು ಪೀಲಿಂಗ್ (ರಾಸಾಯನಿಕ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವುದು), ಲೇಸರ್. ಅಂಚು ಸ್ಪಷ್ಟವಾಗಿರುವ ಬಿಸಿಲಿನ ಕಲೆಗೆ ಲೇಸರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವು ಸಲಕ್ಕೇ ಹೋಗಬಹುದು. ಬಂಗಿಗೆ ಹಾಗಲ್ಲ. ಮೊದಲು ತಿಳಿಯಾಗಿ ಆಮೇಲೆ ಮರಳಿ ಬರುವುದು ಸಾಮಾನ್ಯ, ಶಾಖಕ್ಕೆ ಇನ್ನೂ ಕಪ್ಪಾಗುವುದೂ ಉಂಟು, ಚುಕ್ಕಿ ಚುಕ್ಕಿಯಾಗಿ ಬಿಳಿಯಾಗುವುದೂ ಉಂಟು. ತಣ್ಣನೆಯ ದ್ರವ ಸಾರಜನಕದಿಂದ ಕಲೆ ಸುಡುವುದು ಬೆಳ್ಳಗಿನವರಿಗೆ ಸರಿಹೋಗುತ್ತದೆ, ನಮಗೆ ಬಿಳಿ ಮಚ್ಚೆ ಉಳಿಯುವ ಭಯ ಇದೆ. ಮೊದಲ ಭೇಟಿಯಲ್ಲೇ ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಹೇಳಿ ಮುಂಗಡ ಕೇಳುವ ಕಡೆ ಎದ್ದು ಬನ್ನಿ.

ಅಡುಗೆಮನೆಯ ಉಪಾಯಗಳ ಬಗ್ಗೆ ಎರಡು ಮಾತು. ನಿಂಬೆರಸ ಹಚ್ಚಬೇಡಿ. ಅದರ ಆಮ್ಲ ಉರಿಸುತ್ತದೆ, ಅದರಲ್ಲಿರುವ ಸೊರಾಲೆನ್ ಜಾತಿಯ ಪದಾರ್ಥ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಟ್ಟು ತಿಂಗಳುಗಟ್ಟಲೆ ಉಳಿಯುವ ಕಪ್ಪು ಮಾಡಬಲ್ಲದು. ಅಡುಗೆ ಸೋಡಾ, ಟೂತ್‌ಪೇಸ್ಟ್, ಸಕ್ಕರೆ ಹಾಕಿ ಉಜ್ಜುವುದು, ಇವೂ ಬೇಡ. ಮೊಸರು, ಕಡಲೆಹಿಟ್ಟು, ಚಿಟಿಕೆ ಅರಿಶಿನ ನಿಮಗೆ ಹಿತವೆನಿಸಿದರೆ ಹಚ್ಚಿ ಮೆಲ್ಲಗೆ ತೊಳೆಯಿರಿ, ಉಜ್ಜಿ ತೆಗೆಯಬೇಡಿ. ಬಂಗು ಹೋಗುತ್ತದೆ ಅನ್ನುವ ನಿರೀಕ್ಷೆ ಮಾತ್ರ ಇಟ್ಟುಕೊಳ್ಳಬೇಡಿ.

ಎಷ್ಟು ದಿನ ಕಾಯಬೇಕು? ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಹಾಗಾಗಿ ಯಾವುದೇ ಚಿಕಿತ್ಸೆಗೆ 8ರಿಂದ 12 ವಾರ ಕೊಡದೆ 'ಕೆಲಸ ಮಾಡಲಿಲ್ಲ' ಅನ್ನುವಂತಿಲ್ಲ. ವಾರದಲ್ಲಿ ಬೆಳಗಿಸುತ್ತೇನೆ ಅನ್ನುವ ಕ್ರೀಮು ಕಂಡರೆ ಅನುಮಾನ ಪಡಿ. ಬಂಗು ಪೂರ್ತಿ ವಾಸಿಯಾಗಿ ಮತ್ತೆ ಬಾರದ ಹಾಗೆ ಹೋಗುವುದು ಕಡಿಮೆ, ಬಿಪಿಯ ಹಾಗೆ ಹತೋಟಿಯಲ್ಲಿ ಇಟ್ಟುಕೊಳ್ಳುವಂಥದ್ದು. ತಿಳಿಯಾದ ಮೇಲೆ ಬಲವಾದ ಕ್ರೀಮು ನಿಲ್ಲಿಸಿ, ಸೌಮ್ಯವಾದದ್ದನ್ನೂ ಸನ್‌ಸ್ಕ್ರೀನನ್ನೂ ಮುಂದುವರಿಸಬೇಕು. ಬೇಸಿಗೆಯಲ್ಲಿ ಸ್ವಲ್ಪ ಮರಳಿ ಬಂದರೆ ಧೈರ್ಯಗೆಡಬೇಡಿ.

ಇಲ್ಲಿ ಗುರಿ ಬೆಳ್ಳಗಾಗುವುದಲ್ಲ, ನಿಮ್ಮದೇ ಬಣ್ಣ ಮುಖದ ತುಂಬ ಸಮನಾಗಿರುವುದು. ಮದುವೆ ಮನೆಯಲ್ಲಿ 'ಅಯ್ಯೋ ಮುಖಕ್ಕೇನಾಯ್ತು?' ಅಂತ ಎಲ್ಲರ ಮುಂದೆ ಕೇಳುವವರು ಇದ್ದೇ ಇರುತ್ತಾರೆ. ಅವರ ಮಾತಿಗೆ ಹೆದರಿ ಮಾರನೇ ದಿನವೇ ಬ್ಲೀಚ್ ಮಾಡಿಸಲು ಓಡಬೇಡಿ. ಕೇಳುವವರೂ ದಯವಿಟ್ಟು ಕೇಳುವುದನ್ನು ನಿಲ್ಲಿಸಿ. ಎಷ್ಟೋ ಹೆಣ್ಣುಮಕ್ಕಳು ಆ ಒಂದು ಪ್ರಶ್ನೆಗೆ ಹೆದರಿ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಡಾಕ್ಟರ ಹತ್ತಿರ ಹೋಗುವಾಗ ಇಲ್ಲಿವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಖಾಲಿಯಾದದ್ದನ್ನೂ. ನುಂಗುತ್ತಿರುವ ಮಾತ್ರೆಗಳ ಹೆಸರು, ಬಸುರಿಯೋ ಹಾಲುಣಿಸುತ್ತಿದ್ದೀರೋ, ಥೈರಾಯ್ಡ್ ಇದೆಯೋ, ಕೂದಲಿಗೆ ಯಾವ ಡೈ ಹಚ್ಚುತ್ತೀರಿ, ಎಲ್ಲ ಹೇಳಿ. ಕಿಟಕಿಯ ಪಕ್ಕ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ತಿಂಗಳಿಗೊಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು, ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಬರೆದುಕೊಟ್ಟ ಕ್ರೀಮಿನಲ್ಲಿ ಸ್ಟೆರಾಯ್ಡ್ ಇದೆಯಾ, ಯಾವ ತಾರೀಖಿಗೆ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಏನು ಹಚ್ಚಬೇಕು ಅಂತ ಕೇಳಿ, ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಂಡು ಬನ್ನಿ.